ಟ್ರೇಸ್ ಉದ್ದ ಹೊಂದಿಸುವುದು ಹೇಗೆ? ಮೊದಲು ಪಿಕೋಸೆಕೆಂಡ್, ಆಮೇಲೆ ಮಿಲಿಮೀಟರ್

‘ಡಿಡಿಆರ್ ಟ್ರೇಸ್‌ಗಳನ್ನೆಲ್ಲ ಒಂದೇ ಉದ್ದ ಮಾಡಲೇಬೇಕಾ? ಎಷ್ಟು ಮಿಲಿಮೀಟರ್ ಆಚೀಚೆ ಆದರೆ ನಡೆಯುತ್ತೆ?’ ಹೈಸ್ಪೀಡ್ ಬೋರ್ಡ್‌ಗೆ ಮೊದಲ ಸಲ ಕೈಹಾಕಿದವರೆಲ್ಲ ಕೇಳುವ ಪ್ರಶ್ನೆ ಇದು. ಟ್ರೇಸ್ ಎಂದರೆ ಸರ್ಕ್ಯೂಟ್ ಬೋರ್ಡಿನಲ್ಲಿ ಚಿಪ್‌ನಿಂದ ಚಿಪ್‌ಗೆ ಹೋಗುವ ತಾಮ್ರದ ಗೆರೆ, ಡಿಡಿಆರ್ ಎಂದರೆ ಪ್ರೊಸೆಸರ್ ಬಳಸುವ ವೇಗದ ಮೆಮೊರಿ. ಯಾರಾದರೂ ‘0.1 ಮಿಮೀ ಒಳಗೆ ಇಡಿ’ ಎಂದು ಹೇಳಿಬಿಡುತ್ತಾರೆ. ಕೇಳಿದವರು ವಾರಗಟ್ಟಲೆ ಕೂತು ಎಲ್ಲ ಟ್ರೇಸ್‌ಗೂ ಹಾವಿನಂಥ ತಿರುವು ಹಾಕುತ್ತಾರೆ. ಆಮೇಲೂ ಬೋರ್ಡ್ ಕೆಲಸ ಮಾಡದಿದ್ದಾಗ ತಪ್ಪು ಬೇರೆಲ್ಲೋ ಇತ್ತೆಂದು ಗೊತ್ತಾಗುತ್ತದೆ.

ಚಿಪ್‌ಗೆ ಟ್ರೇಸಿನ ಉದ್ದ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಡೇಟಾ ಎಷ್ಟು ಹೊತ್ತಿಗೆ ಬಂತು, ಡೇಟಾ ಯಾವಾಗ ಓದಬೇಕೆಂದು ಹೇಳುವ ಕ್ಲಾಕ್ ಎಷ್ಟು ಹೊತ್ತಿಗೆ ಬಂತು ಎಂಬುದಷ್ಟೇ. ಆದ್ದರಿಂದ ಮೊದಲು ಎಷ್ಟು ಸಮಯದ ವ್ಯತ್ಯಾಸವನ್ನು ಈ ಬಸ್ (ಎರಡು ಚಿಪ್‌ಗಳ ನಡುವೆ ಡೇಟಾ ಒಯ್ಯುವ ಟ್ರೇಸ್‌ಗಳ ಗುಂಪು) ತಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಬೇಕು, ಆಮೇಲೆ ಅದನ್ನು ಮಿಲಿಮೀಟರಿಗೆ ಇಳಿಸಬೇಕು. ಆ ಲೆಕ್ಕವನ್ನು ಹಂತ ಹಂತವಾಗಿ ಇಲ್ಲಿ ಕೊಟ್ಟಿದೆ. ಉದಾಹರಣೆಗೆ ಮೂರು ಬಸ್‌ಗಳನ್ನು ತೆಗೆದುಕೊಂಡಿದೆ: ಕ್ಯೂಎಸ್‌ಪಿಐ ಫ್ಲ್ಯಾಶ್ (ನಾಲ್ಕು ಡೇಟಾ ತಂತಿಯ ಶೇಖರಣಾ ಮೆಮೊರಿ), ಗಿಗಾಬಿಟ್ ಈಥರ್ನೆಟ್ಟಿನ ಆರ್‌ಜಿಎಂಐಐ, ಮತ್ತು ಡಿಡಿಆರ್3.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಬಸ್‌ನ ಎರಡೂ ತುದಿಯ ಚಿಪ್‌ಗಳ ಡೇಟಾಶೀಟ್ ಬೇಕು, ಅದರಲ್ಲೂ ಎಸಿ ಟೈಮಿಂಗ್ ಟೇಬಲ್ ಇರುವ ಪುಟಗಳು. ಪ್ರೊಸೆಸರ್ ಅಥವಾ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬದಲಿಸಬಹುದಾದ ಚಿಪ್) ಕಂಪನಿ ಬೋರ್ಡ್ ವಿನ್ಯಾಸಕ್ಕೆಂದೇ ಕೊಡುವ ಹಾರ್ಡ್‌ವೇರ್ ಗೈಡ್ ಬೇಕು. ಬೋರ್ಡ್ ಮಾಡಿಕೊಡುವ ಫ್ಯಾಬ್‌ನಿಂದ ಸ್ಟ್ಯಾಕಪ್ ಬೇಕು. ಸ್ಟ್ಯಾಕಪ್ ಎಂದರೆ ಯಾವ ತಾಮ್ರದ ಪದರದ ಕೆಳಗೆ ಎಷ್ಟು ದಪ್ಪದ, ಯಾವ ಜಾತಿಯ ಇನ್ಸುಲೇಷನ್ ಇದೆ ಎಂಬ ಪಟ್ಟಿ. ಫ್ಯಾಬ್ ಎಲೆಕ್ಟ್ರಾನಿಕ್ ಸಿಟಿಯದಾಗಲಿ, ಶೆನ್‌ಜೆನ್‌ನದಾಗಲಿ, ಕೇಳಿದರೆ ಕೊಡುತ್ತಾರೆ. ಉದ್ದ ತೋರಿಸಿ ಹೊಂದಿಸುವ ಸೌಲಭ್ಯ ಇರುವ ಯಾವುದೇ ವಿನ್ಯಾಸ ತಂತ್ರಾಂಶ ಸಾಕು, ಕೈಕ್ಯಾಡ್ ಧಾರಾಳವಾಗಿ ನಡೆಯುತ್ತದೆ.

ಲೆಕ್ಕವನ್ನೆಲ್ಲ ಪಿಕೋಸೆಕೆಂಡಿನಲ್ಲಿ ಮಾಡೋಣ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಸೆಕೆಂಡ್. ಇಲ್ಲಿಂದ ಮುಂದೆ ಅದನ್ನು ಪಿಎಸ್ ಎಂದೇ ಬರೆದಿದೆ. ಸಾವಿರ ಪಿಎಸ್ ಸೇರಿದರೆ ಒಂದು ನ್ಯಾನೋಸೆಕೆಂಡ್, ಅಂದರೆ ಎನ್‌ಎಸ್.

ಹಂತ 1: ಈ ತಲೆನೋವು ಯಾವ ಟ್ರೇಸ್‌ಗೆ ಬೇಕು ಎಂದು ಆರಿಸಿ

ಇಲ್ಲಿ ಎಲ್ಲರೂ ಕ್ಲಾಕಿನ ಮೆಗಾಹರ್ಟ್ಸ್ ನೋಡುತ್ತಾರೆ. ನೋಡಬೇಕಾದದ್ದು ರೈಸ್ ಟೈಮ್, ಅಂದರೆ ಸಿಗ್ನಲ್ ಸೊನ್ನೆಯಿಂದ ಒಂದಕ್ಕೆ ಏರಲು ತೆಗೆದುಕೊಳ್ಳುವ ಸಮಯ. 8 ಮೆಗಾಹರ್ಟ್ಸ್ ಕ್ಲಾಕನ್ನು 300 ಪಿಎಸ್‌ನಲ್ಲಿ ಏರುವ ಡ್ರೈವರ್ ಓಡಿಸುತ್ತಿದ್ದರೆ ಆ ಟ್ರೇಸ್ ಹೈಸ್ಪೀಡ್ ಟ್ರೇಸೇ.

ಟ್ರೇಸ್ ದಾಟಲು ಸಿಗ್ನಲ್‌ಗೆ ಬೇಕಾಗುವ ಸಮಯ ರೈಸ್ ಟೈಮಿನ ಆರನೇ ಒಂದು ಪಾಲಿಗಿಂತ ಹೆಚ್ಚಾದರೆ ಅದನ್ನು ಬರೀ ತಂತಿ ಎಂದುಕೊಳ್ಳುವ ಹಾಗಿಲ್ಲ, ಟ್ರಾನ್ಸ್‌ಮಿಷನ್ ಲೈನ್ ಎಂದೇ ನೋಡಬೇಕು. ಬೋರ್ಡಿನ ಹೊರಪದರದಲ್ಲಿ ಒಂದು ಮಿಮೀ ದಾಟಲು ಸುಮಾರು 6 ಪಿಎಸ್ ಬೇಕು. ರೈಸ್ ಟೈಮ್ 1 ಎನ್‌ಎಸ್ ಇದ್ದರೆ ಆರನೇ ಪಾಲು 167 ಪಿಎಸ್, ಅಂದರೆ ಸುಮಾರು 28 ಮಿಮೀ. 300 ಪಿಎಸ್ ಇದ್ದರೆ 8 ಮಿಮೀ ದಾಟುತ್ತಿದ್ದಂತೆ ಎಚ್ಚರವಾಗಬೇಕು.

ಗಮನಿಸಿ, ಇದು ಇಂಪೀಡನ್ಸ್ ಮತ್ತು ಪ್ರತಿಫಲನದ ಮಾತು. ಇಂಪೀಡನ್ಸ್ ಎಂದರೆ ಓಡುತ್ತಿರುವ ಸಿಗ್ನಲ್‌ಗೆ ಟ್ರೇಸ್ ತೋರುವ ಪ್ರತಿರೋಧ. ಅದು ದಾರಿಯಲ್ಲಿ ಬದಲಾದ ಕಡೆಯೆಲ್ಲ ಸಿಗ್ನಲ್ಲಿನ ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ. ಒಂಟಿ ಕ್ಲಾಕ್ ಟ್ರೇಸಿನಲ್ಲಿ ರಿಂಗಿಂಗ್ (ಬದಲಾದ ಮೇಲೆ ಸಿಗ್ನಲ್ ಮೇಲೆ ಕೆಳಗೆ ಕುಣಿಯುವುದು) ಬಂದರೆ ಅದಕ್ಕೆ ಮದ್ದು ಡ್ರೈವರ್ ಪಿನ್ನಿಂದ ಕೆಲವೇ ಮಿಮೀ ಒಳಗೆ ಕೂರಿಸಿದ 22 ಅಥವಾ 33 ಓಮ್ ಸರಣಿ ರೆಸಿಸ್ಟರ್. ಪಿನ್‌ನ ಡ್ರೈವ್ ಸ್ಟ್ರೆಂತನ್ನು ಸಾಫ್ಟ್‌ವೇರ್‌ನಲ್ಲಿ ಒಂದು ಮೆಟ್ಟಿಲು ಇಳಿಸಿದರೂ ಎಷ್ಟೋ ಸಲ ಸರಿಹೋಗುತ್ತದೆ. ಉದ್ದ ಹೊಂದಿಸಿ ರಿಂಗಿಂಗ್ ಹೋಗಿಸಲು ಆಗುವುದಿಲ್ಲ. ಇವೆರಡನ್ನು ಗಂಟುಹಾಕಿಕೊಂಡೇ ಬಹಳ ಜನ ದಾರಿ ತಪ್ಪುವುದು.

ಐ2ಸಿ, ಯುಆರ್ಟ್, ರಿಸೆಟ್, ಎಲ್‌ಇಡಿ, ಈಥರ್ನೆಟ್ಟಿನ ಎಂಡಿಐಒ ಇವನ್ನೆಲ್ಲ ಪಟ್ಟಿಯಿಂದ ಈಗಲೇ ತೆಗೆದುಬಿಡಿ.

ಹಂತ 2: ಕ್ಲಾಕ್ ಯಾರು ಕೊಡುತ್ತಾರೆ ಎಂದು ನೋಡಿ

ಉದ್ದ ಹೊಂದಿಸಿದರೆ ಉಪಯೋಗ ಇದೆಯೋ ಇಲ್ಲವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಮೂರು ಬಗೆ ಇವೆ.

ಮೊದಲನೆಯದರಲ್ಲಿ ಕ್ಲಾಕ್ ಒಂದು ಕಡೆಯಿಂದ ಹೋಗಿ, ಅದಕ್ಕೆ ಉತ್ತರವಾಗಿ ಡೇಟಾ ಹಿಂದಿರುಗುತ್ತದೆ. ಎಸ್‌ಪಿಐ, ಕ್ಯೂಎಸ್‌ಪಿಐ ಫ್ಲ್ಯಾಶ್‌ನಿಂದ ಓದುವುದು ಹೀಗೆ. ಇಲ್ಲಿ ಕ್ಲಾಕ್ ಹೋಗುವ ಸಮಯ, ಡೇಟಾ ಬರುವ ಸಮಯ ಎರಡೂ ಕೂಡುತ್ತವೆ. 100 ಮೆಗಾಹರ್ಟ್ಸ್‌ನಲ್ಲಿ ಒಂದು ಆವರ್ತಕ್ಕೆ 10 ಎನ್‌ಎಸ್. ಫ್ಲ್ಯಾಶ್ ಕ್ಲಾಕ್ ಕಂಡ ಮೇಲೆ ಡೇಟಾ ಹೊರಹಾಕಲು 6 ಎನ್‌ಎಸ್ ತೆಗೆದುಕೊಳ್ಳುತ್ತದೆ, ಪ್ರೊಸೆಸರ್‌ಗೆ ಡೇಟಾ 2 ಎನ್‌ಎಸ್ ಮುಂಚೆ ಬಂದು ನಿಂತಿರಬೇಕು ಎಂದುಕೊಳ್ಳಿ. ಪೂರ್ತಿ ಒಂದು ಆವರ್ತ ಬಿಟ್ಟು ಓದಿದರೂ ಉಳಿಯುವುದು 2 ಎನ್‌ಎಸ್. ಟ್ರೇಸ್ 60 ಮಿಮೀ ಇದ್ದರೆ ಹೋಗಿಬರಲು 2 × 60 × 6 = 720 ಪಿಎಸ್ ಖರ್ಚು. ಕ್ಲಾಕ್ ಮತ್ತು ಡೇಟಾ ಟ್ರೇಸ್‌ಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಸಮ ಮಾಡಿದರೂ ಈ 720 ಪಿಎಸ್‌ನಲ್ಲಿ ಒಂದೂ ಉಳಿಯುವುದಿಲ್ಲ. ಚಿಪ್ಪನ್ನು ಹತ್ತಿರ ಇಡುವುದೇ ಇಲ್ಲಿ ದಾರಿ. ಚಿಕ್ಕ ಡೇಟಾ ಟ್ರೇಸನ್ನು ಕ್ಲಾಕಿಗೆ ಸಮ ಮಾಡಲು ಹೋಗಿ ಬೇಕೆಂದೇ ಉದ್ದ ಮಾಡಿದರೆ ಇದ್ದ ಸಮಯವನ್ನೂ ಕಳೆದುಕೊಂಡಂತೆ. ನಡುವೆ ಲೆವೆಲ್ ಶಿಫ್ಟರ್ (ಸಿಗ್ನಲ್ಲಿನ ವೋಲ್ಟೇಜ್ ಬದಲಿಸುವ ಚಿಪ್) ಹಾಕಿದರಂತೂ ಅದರ ಡಿಲೇ ಎರಡು ಸಲ ಕೂಡುತ್ತದೆ.

ಎರಡನೆಯದು ಸೋರ್ಸ್ ಸಿಂಕ್ರೊನಸ್: ಡೇಟಾ ಕಳಿಸುವ ಚಿಪ್ಪೇ ಕ್ಲಾಕನ್ನೂ ಜೊತೆಗೆ ಕಳಿಸುತ್ತದೆ. ಆರ್‌ಜಿಎಂಐಐ, ಡಿಡಿಆರ್ ಈ ಬಗೆಯವು. ಒಟ್ಟು ಉದ್ದ 30 ಮಿಮೀ ಆಗಲಿ 90 ಮಿಮೀ ಆಗಲಿ ಅಷ್ಟಾಗಿ ಲೆಕ್ಕಕ್ಕಿಲ್ಲ, ಕ್ಲಾಕ್ ಮತ್ತು ಡೇಟಾ ನಡುವಿನ ವ್ಯತ್ಯಾಸವೇ ಲೆಕ್ಕ. ಉದ್ದ ಹೊಂದಿಸುವ ಕೆಲಸಕ್ಕೆ ಅರ್ಥ ಇರುವುದು ಇಲ್ಲಿ.

ಮೂರನೆಯದರಲ್ಲಿ ಕ್ಲಾಕ್ ಡೇಟಾದೊಳಗೇ ಸೇರಿರುತ್ತದೆ. ಪಿಸಿಐ ಎಕ್ಸ್‌ಪ್ರೆಸ್, ಯುಎಸ್‌ಬಿ 3 ಇದಕ್ಕೆ ಉದಾಹರಣೆ. ಇಲ್ಲಿ ಒಂದು ಜೋಡಿಯೊಳಗಿನ ಎರಡು ತಂತಿಗಳು ಸಮ ಇರಬೇಕು. ಒಂದು ಜೋಡಿಗೂ ಇನ್ನೊಂದು ಜೋಡಿಗೂ ಸಮ ಮಾಡುವ ಹಟ ಬೇಡ, ಪಿಸಿಐ ಎಕ್ಸ್‌ಪ್ರೆಸ್ ರಿಸೀವರ್ ಲೇನ್‌ಗಳ (ಅಂದರೆ ಈ ಜೋಡಿಗಳ) ನಡುವಿನ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ.

ಹಂತ 3: ನಿಮ್ಮ ಬೋರ್ಡಿನಲ್ಲಿ ಒಂದು ಮಿಮೀಗೆ ಎಷ್ಟು ಪಿಎಸ್?

ನಿರ್ವಾತದಲ್ಲಿ ಬೆಳಕು ಒಂದು ಮಿಮೀ ದಾಟಲು 3.34 ಪಿಎಸ್ ತೆಗೆದುಕೊಳ್ಳುತ್ತದೆ. ಬೋರ್ಡಿನಲ್ಲಿ ಅದನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗಮೂಲದಿಂದ ಗುಣಿಸಬೇಕು. ಈ ಸ್ಥಿರಾಂಕವನ್ನು ಫ್ಯಾಬ್‌ನವರು ಡಿಕೆ ಎಂದು ಕರೆಯುತ್ತಾರೆ, ಸಾಮಾನ್ಯ ಎಫ್‌ಆರ್4 ಬೋರ್ಡಿಗೆ 4.2ರಿಂದ 4.5ರವರೆಗೆ ಇರುತ್ತದೆ.

ಒಳಪದರದ ಟ್ರೇಸ್, ಅಂದರೆ ಸ್ಟ್ರಿಪ್‌ಲೈನ್, ಮೇಲೆ ಕೆಳಗೆ ಎರಡೂ ಕಡೆ ಎಫ್‌ಆರ್4ನಲ್ಲೇ ಮುಳುಗಿರುತ್ತದೆ. ಡಿಕೆ 4.4 ಆದರೆ ವರ್ಗಮೂಲ 2.1, ಅಲ್ಲಿಗೆ ಮಿಮೀಗೆ 7 ಪಿಎಸ್. ಹೊರಪದರದ ಮೈಕ್ರೋಸ್ಟ್ರಿಪ್‌ನಲ್ಲಿ ವಿದ್ಯುತ್ ಕ್ಷೇತ್ರದ ಒಂದು ಪಾಲು ಗಾಳಿಯಲ್ಲಿರುತ್ತದೆ. ಹಾಗಾಗಿ ಅನುಭವಕ್ಕೆ ಬರುವ ಡಿಕೆ 3.3ರ ಆಸುಪಾಸು, ಮಿಮೀಗೆ 6 ಪಿಎಸ್. 0.21 ಮಿಮೀ ಪ್ರಿಪ್ರೆಗ್ (ಪದರಗಳ ನಡುವಿನ ಇನ್ಸುಲೇಷನ್ ಹಾಳೆ) ಮೇಲೆ 0.35 ಮಿಮೀ ಅಗಲದ, ಸುಮಾರು 50 ಓಮ್‌ನ ಟ್ರೇಸಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಮಿಮೀಗೆ ಒಂದೇ ಒಂದು ಪಿಎಸ್ ವ್ಯತ್ಯಾಸ ತಾನೇ ಎಂದು ಬಿಟ್ಟುಬಿಡಬೇಡಿ. ಒಂದೇ ಬೈಟಿನ ನಾಲ್ಕು ಬಿಟ್ ಹೊರಪದರದಲ್ಲಿ, ನಾಲ್ಕು ಬಿಟ್ ಒಳಪದರದಲ್ಲಿ, ಎಲ್ಲವೂ ಸರಿಯಾಗಿ 50 ಮಿಮೀ. ತಂತ್ರಾಂಶ ಹಸಿರು ಟಿಕ್ ಹಾಕುತ್ತದೆ. ನಿಜದಲ್ಲಿ ಅವುಗಳ ನಡುವೆ 50 ಪಿಎಸ್ ಅಂತರ ಕೂತಿದೆ. ಒಂದು ಗುಂಪಿನ ಸಿಗ್ನಲ್‌ಗಳೆಲ್ಲ ಒಂದೇ ಪದರದಲ್ಲಿ ಓಡಲಿ. ಆಗದೇ ಹೋದರೆ ಪ್ರತಿ ಟ್ರೇಸೂ ಯಾವ ಪದರದಲ್ಲಿ ಎಷ್ಟು ಮಿಮೀ ಓಡುತ್ತದೆ ಎಂದು ನೋಡಿ, ಪಿಎಸ್‌ಗೆ ತಿರುಗಿಸಿ ಹೊಂದಿಸಿ.

ಹಂತ 4: ಸಮಯದ ಬಜೆಟ್ ಹಾಕಿ

ಮಾರ್ಗದರ್ಶಿಯ ತಿರುಳು ಈ ಹಂತ. ಆರ್‌ಜಿಎಂಐಐ ತೆಗೆದುಕೊಳ್ಳೋಣ, ಅಂಕಿಗಳು ಚಿಕ್ಕವು, ಲೆಕ್ಕ ಬೇಗ ಕಾಣುತ್ತದೆ.

ಆರ್‌ಜಿಎಂಐಐ ಎಂದರೆ ಪ್ರೊಸೆಸರ್ ಒಳಗಿನ ಮ್ಯಾಕ್‌ಗೂ (ಈಥರ್ನೆಟ್ ಪ್ಯಾಕೆಟ್ ನೋಡಿಕೊಳ್ಳುವ ಭಾಗ) ಈಥರ್ನೆಟ್ ಫೈ ಚಿಪ್ಪಿಗೂ (ಕೇಬಲ್‌ಗೆ ಸಿಗ್ನಲ್ ಹಾಕುವ ಚಿಪ್) ನಡುವಿನ ಬಸ್. ಕಳಿಸುವ ದಿಕ್ಕಿಗೆ ನಾಲ್ಕು ಡೇಟಾ, ಒಂದು ಕಂಟ್ರೋಲ್, ಒಂದು ಕ್ಲಾಕ್, ಬರುವ ದಿಕ್ಕಿಗೂ ಅಷ್ಟೇ. ಗಿಗಾಬಿಟ್‌ನಲ್ಲಿ ಕ್ಲಾಕ್ 125 ಮೆಗಾಹರ್ಟ್ಸ್. ಏರುವಾಗಲೂ ಇಳಿಯುವಾಗಲೂ ಡೇಟಾ ಓದುವುದರಿಂದ ಒಂದು ಬಿಟ್ಟಿಗೆ ಸಿಗುವುದು 4 ಎನ್‌ಎಸ್.

ಎರಡು ಪದ ಗೊತ್ತಿರಲಿ. ಕ್ಲಾಕ್ ಎಡ್ಜ್ (ಕ್ಲಾಕ್ ಏರುವ ಅಥವಾ ಇಳಿಯುವ ಕ್ಷಣ) ಬರುವ ಮುಂಚೆ ಡೇಟಾ ಎಷ್ಟು ಹೊತ್ತು ಸ್ಥಿರವಾಗಿ ನಿಂತಿರಬೇಕೋ ಅದು ಸೆಟಪ್ ಸಮಯ. ಎಡ್ಜ್ ಹೋದ ಮೇಲೂ ಎಷ್ಟು ಹೊತ್ತು ಅಲ್ಲಾಡದೆ ಇರಬೇಕೋ ಅದು ಹೋಲ್ಡ್ ಸಮಯ.

ಆರ್‌ಜಿಎಂಐಐ 2.0 ಪ್ರಕಾರ, ಕ್ಲಾಕ್ ಡಿಲೇಯನ್ನು ಚಿಪ್‌ನೊಳಗೇ ಹಾಕುವ ಕಳಿಸುವವನು ಕನಿಷ್ಠ 1.2 ಎನ್‌ಎಸ್ ಸೆಟಪ್, 1.2 ಎನ್‌ಎಸ್ ಹೋಲ್ಡ್ ಕೊಡಬೇಕು. ಪಡೆಯುವವನು ಕೇಳುವುದು ಎರಡಕ್ಕೂ ಕನಿಷ್ಠ 1.0 ಎನ್‌ಎಸ್. ಕಳೆಯಿರಿ: ಉಳಿದದ್ದು 0.2 ಎನ್‌ಎಸ್, ಅಂದರೆ 200 ಪಿಎಸ್. ಬೋರ್ಡಿಗೆ ಸಿಗುವ ಒಟ್ಟು ಬಜೆಟ್ ಇದೇ. ಪಕ್ಕದ ಟ್ರೇಸಿನಿಂದ ಬರುವ ಕ್ರಾಸ್‌ಟಾಕ್, ಪ್ರತಿಫಲನ, ಪವರ್ ಗಲಾಟೆಯಿಂದ ಎಡ್ಜ್ ಅಲ್ಲಾಡುವುದು ಇವಕ್ಕೆಲ್ಲ ಅರ್ಧ ಎತ್ತಿಡಿ. ಉದ್ದದ ವ್ಯತ್ಯಾಸಕ್ಕೆ ಉಳಿದದ್ದು 100 ಪಿಎಸ್. ಮಿಮೀಗೆ 6 ಪಿಎಸ್‌ನಂತೆ ಸುಮಾರು 16 ಮಿಮೀ.

ಹೌದು, 16 ಮಿಮೀ. ಕ್ಲಾಕಿಗಿಂತ ಡೇಟಾ ಅಷ್ಟು ಉದ್ದ ಇದ್ದರೂ ಸರಿ, ಅಷ್ಟು ಚಿಕ್ಕದಿದ್ದರೂ ಸರಿ. ±5 ಮಿಮೀ ನಿಯಮ ಹಾಕಿಕೊಂಡರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಒಂದು ತಿರುವೂ ಇಲ್ಲದೆ ರೂಟಿಂಗ್, ಅಂದರೆ ಟ್ರೇಸ್ ಎಳೆಯುವ ಕೆಲಸ, ಮುಗಿದುಹೋಗುತ್ತದೆ. ಇದನ್ನು 0.1 ಮಿಮೀಗೆ ಹೊಂದಿಸುವವರು ವ್ಯತ್ಯಾಸವನ್ನು 0.6 ಪಿಎಸ್‌ಗೆ ಇಳಿಸುತ್ತಾರೆ, ಆದರೆ ಅದಕ್ಕಾಗಿ ತಿರುವುಗಳಿಂದ ತಂದುಕೊಳ್ಳುವ ಕ್ರಾಸ್‌ಟಾಕ್ ಅದಕ್ಕಿಂತ ಎಷ್ಟೋ ಹೆಚ್ಚು. ಕಳಿಸುವ ಗುಂಪನ್ನೂ ಬರುವ ಗುಂಪನ್ನೂ ಒಂದಕ್ಕೊಂದು ಸಮ ಮಾಡಬೇಕಾಗಿಯೂ ಇಲ್ಲ, ಅವೆರಡರ ಕ್ಲಾಕ್ ಬೇರೆ ಬೇರೆ. ನಿಮ್ಮ ಚಿಪ್‌ಗಳ ಡೇಟಾಶೀಟಿನಲ್ಲಿ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿ ಲೆಕ್ಕ ಮಾಡಿ.

ಆರ್‌ಜಿಎಂಐಐಯಲ್ಲಿ ಬೋರ್ಡ್ ಕೆಡಿಸುವುದು ಬೇರೆಯೇ ಒಂದು ವಿಷಯ. ಡೇಟಾ ಬದಲಾಗುವ ಹೊತ್ತಿಗೇ ಕ್ಲಾಕ್ ಎಡ್ಜೂ ಬಂದರೆ ಓದಲು ಆಗುವುದಿಲ್ಲ, ಕ್ಲಾಕನ್ನು ಸುಮಾರು 2 ಎನ್‌ಎಸ್ ತಡ ಮಾಡಿ ಡೇಟಾದ ನಡುಮಧ್ಯಕ್ಕೆ ತರಬೇಕು. ಇದನ್ನು ಟ್ರೇಸಿನಿಂದಲೇ ಮಾಡಹೊರಟರೆ 333 ಮಿಮೀ ಹೆಚ್ಚುವರಿ ತಾಮ್ರ ಬೇಕು. ಈಗಿನ ಚಿಪ್‌ಗಳಲ್ಲಿ ಈ ಡಿಲೇ ಒಳಗೇ ಇದೆ. ಆದರೆ ಅದು ಒಂದು ಕಡೆ ಮಾತ್ರ ಚಾಲೂ ಇರಬೇಕು. ಮ್ಯಾಕ್‌ನಲ್ಲೂ ಫೈನಲ್ಲೂ ಹಾಕಿಬಿಟ್ಟರೆ 2 + 2 = 4 ಎನ್‌ಎಸ್, ಸರಿಯಾಗಿ ಒಂದು ಬಿಟ್ ದಾಟಿ ಎಡ್ಜ್ ಮತ್ತೆ ಡೇಟಾ ಬದಲಾಗುವ ಜಾಗಕ್ಕೇ ಬಂದು ಕೂರುತ್ತದೆ. ಲಿನಕ್ಸ್ ಇದ್ದರೆ ಡಿವೈಸ್ ಟ್ರೀ ಎಂಬ, ಬೋರ್ಡಿನ ಯಂತ್ರಾಂಶವನ್ನು ವಿವರಿಸುವ ಕಡತದಲ್ಲಿ ಫೈ ಮೋಡನ್ನು ‘ಆರ್‌ಜಿಎಂಐಐ-ಐಡಿ’ ಎಂದು ಕೊಡಿ, ಎರಡೂ ದಿಕ್ಕಿನ ಡಿಲೇಯನ್ನು ಫೈ ನೋಡಿಕೊಳ್ಳಲಿ. ಕೆಲವು ಫೈಗಳಲ್ಲಿ ಡಿಲೇ ಪಿನ್‌ಗೆ ಕಟ್ಟಿದ ರೆಸಿಸ್ಟರ್‌ನಿಂದ ನಿರ್ಧಾರವಾಗುತ್ತದೆ. ಆ ರೆಸಿಸ್ಟರ್‌ಗೆ ಮೇಲೂ ಕೆಳಗೂ ಎರಡು ಜಾಗ ಬಿಟ್ಟಿದ್ದರೆ ಆಮೇಲೆ ಬೆಸುಗೆ ಕಡ್ಡಿಯಿಂದಲೇ ಬದಲಿಸಬಹುದು.

ಹಂತ 5: ಡಿಡಿಆರ್3ಗೆ ಗುಂಪು ಮಾಡಿ

ಡಿಡಿಆರ್3-1600ರಲ್ಲಿ ಕ್ಲಾಕ್ 800 ಮೆಗಾಹರ್ಟ್ಸ್, ಒಂದು ಬಿಟ್ಟಿಗೆ 625 ಪಿಎಸ್. ಓದುವಾಗ ಮೆಮೊರಿ ಚಿಪ್ಪೇ ಅದರಲ್ಲಿ ಒಂದಷ್ಟು ತಿಂದುಹಾಕುತ್ತದೆ. ಸ್ಟ್ರೋಬ್ (ಡೇಟಾ ಜೊತೆಗೇ ಬರುವ ಕ್ಲಾಕ್) ಬಂದ ಮೇಲೆ ಕೊನೆಯ ಬಿಟ್ ನೆಲೆಗೊಳ್ಳಲು 100 ಪಿಎಸ್‌ವರೆಗೆ ಆಗಬಹುದು, ಡೇಟಾ ನಿಲ್ಲುವ ಖಾತ್ರಿ ಇರುವುದು ಕ್ಲಾಕ್ ಆವರ್ತದ 0.38 ಪಾಲು, ಅಂದರೆ 475 ಪಿಎಸ್‌ವರೆಗೆ. ಚಿಪ್‌ನ ಪಿನ್ನಲ್ಲೇ ನಿಮಗೆ ಸಿಗುವುದು 375 ಪಿಎಸ್. ಇದರಲ್ಲಿ ಕಂಟ್ರೋಲರಿನ (ಪ್ರೊಸೆಸರ್ ಒಳಗೆ ಮೆಮೊರಿ ನೋಡಿಕೊಳ್ಳುವ ಭಾಗ) ಸೆಟಪ್, ಹೋಲ್ಡ್, ಜಿಟರ್ (ಎಡ್ಜ್ ಅಲ್ಲಾಡುವುದು), ಕ್ರಾಸ್‌ಟಾಕ್ ಎಲ್ಲ ಕಳೆಯಬೇಕು. ಉದ್ದದ ವ್ಯತ್ಯಾಸಕ್ಕೆ 10 ಪಿಎಸ್ ಇಡುವುದು ವಾಸ್ತವಕ್ಕೆ ಹತ್ತಿರದ ಆಯ್ಕೆ. ಒಳಪದರದಲ್ಲಿ ಅದು 1.4 ಮಿಮೀ.

ಗುಂಪುಗಳು ಹೀಗಿರಲಿ.

ಬೈಟ್ ಲೇನ್: ಎಂಟು ಡೇಟಾ, ಒಂದು ಮಾಸ್ಕ್, ಒಂದು ಸ್ಟ್ರೋಬ್ ಜೋಡಿ. ಇವು ತಮ್ಮತಮ್ಮಲ್ಲಿ ±10 ಪಿಎಸ್ ಒಳಗೆ, ಒಂದೇ ಪದರದಲ್ಲಿ. ಪ್ರೊಸೆಸರ್ ಕಂಪನಿಯ ಗೈಡ್ ಇನ್ನೂ ಬಿಗಿ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ಒಂದು ಲೇನ್‌ಗೂ ಇನ್ನೊಂದು ಲೇನ್‌ಗೂ ಸಮ ಮಾಡಬೇಡಿ. ಪ್ರತಿ ಲೇನ್‌ಗೂ ಅದರದೇ ಸ್ಟ್ರೋಬ್ ಇದೆ. ಎಲ್ಲ 16 ಅಥವಾ 32 ಡೇಟಾ ಟ್ರೇಸನ್ನು ಅತಿ ಉದ್ದದ ಒಂದಕ್ಕೆ ಎಳೆದು ಹೊಂದಿಸುವುದು ಹೊಸಬರು ಕಳೆಯುವ ಸಮಯದಲ್ಲಿ ದೊಡ್ಡ ಪಾಲು.

ಅಡ್ರೆಸ್, ಕಮ್ಯಾಂಡ್, ಕಂಟ್ರೋಲ್: ಇವು ಕ್ಲಾಕ್ ಜೋಡಿಗೆ ಹೊಂದಬೇಕು. ಒಂದು ಆವರ್ತಕ್ಕೆ ಒಂದೇ ಸಲ ಓದುವುದರಿಂದ 1.25 ಎನ್‌ಎಸ್ ಸಿಗುತ್ತದೆ, ±20 ಪಿಎಸ್ ಸಾಕು. ಚಿಪ್‌ಗಳು ಒಂದಕ್ಕಿಂತ ಹೆಚ್ಚಿದ್ದು ಫ್ಲೈ-ಬೈ ಮಾದರಿಯಲ್ಲಿ, ಅಂದರೆ ಒಂದೇ ಟ್ರೇಸ್ ಒಂದರ ನಂತರ ಒಂದು ಚಿಪ್ಪನ್ನು ಮುಟ್ಟಿ ಹೋಗುವಂತೆ ಹಾಕಿದ್ದರೆ, ಒಟ್ಟು ಉದ್ದ ಸಮ ಇದ್ದರೆ ಸಾಲದು. ಕಂಟ್ರೋಲರಿನಿಂದ ಮೊದಲ ಚಿಪ್, ಮೊದಲನೆಯದರಿಂದ ಎರಡನೆಯದು, ಹೀಗೆ ಪ್ರತಿ ತುಂಡೂ ಕ್ಲಾಕಿನ ಅದೇ ತುಂಡಿಗೆ ಹೊಂದಬೇಕು. ಕೊನೆಯ ಚಿಪ್ ದಾಟಿದ ಮೇಲೆ ಟರ್ಮಿನೇಷನ್ ರೆಸಿಸ್ಟರ್.

ಸ್ಟ್ರೋಬ್ ಮತ್ತು ಕ್ಲಾಕ್ ನಡುವಿನ ಸಂಬಂಧವನ್ನು ರೈಟ್ ಲೆವೆಲಿಂಗ್ ಎಂಬ ಕಲಿಕೆಯಿಂದ ಕಂಟ್ರೋಲರ್ ಸರಿಮಾಡಿಕೊಳ್ಳುತ್ತದೆ. ಆದರೆ ಬಹಳಷ್ಟು ಕಂಟ್ರೋಲರ್‌ಗಳಿಗೆ ಸ್ಟ್ರೋಬನ್ನು ತಡ ಮಾಡಲು ಬರುತ್ತದೆಯೇ ಹೊರತು ಮುಂಚಿತವಾಗಿ ಕಳಿಸಲು ಬರುವುದಿಲ್ಲ. ಹಾಗಾಗಿ ಪ್ರತಿ ಚಿಪ್‌ಗೂ ಕ್ಲಾಕ್ ಟ್ರೇಸ್ ಸ್ಟ್ರೋಬ್ ಟ್ರೇಸಿಗಿಂತ ತುಸು ಉದ್ದವೇ ಇರಲಿ.

ಒಂದು ಉಪಕಾರವೂ ಇದೆ. ಬೈಟ್ ಲೇನಿನೊಳಗೆ ಡೇಟಾ ಬಿಟ್‌ಗಳನ್ನು ಅದಲುಬದಲು ಮಾಡಬಹುದು, ಏನೇ ಬರೆದರೂ ಅದೇ ಕ್ರಮದಲ್ಲಿ ವಾಪಸ್ ಬರುತ್ತದೆ. ಟ್ರೇಸ್‌ಗಳು ಒಂದನ್ನೊಂದು ದಾಟುವುದು ತಪ್ಪಿದರೆ ತಿರುವಿನ ಅರ್ಧ ಕೆಲಸ ಅಲ್ಲೇ ಉಳಿಯುತ್ತದೆ. ರೈಟ್ ಲೆವೆಲಿಂಗಿಗಾಗಿ ಪ್ರತಿ ಬೈಟಿನ ಮೊದಲ ಬಿಟ್ ಅದರ ಜಾಗದಲ್ಲೇ ಇರಬೇಕೆಂದು ಕೆಲವು ಕಂಟ್ರೋಲರ್‌ಗಳು ಕೇಳುತ್ತವೆ, ಗೈಡ್ ನೋಡಿ. ಅಡ್ರೆಸ್ ಬಿಟ್‌ಗಳನ್ನು ಮಾತ್ರ ಮುಟ್ಟಬೇಡಿ, ಅವುಗಳ ಮೂಲಕವೇ ಮೆಮೊರಿಗೆ ಸೆಟ್ಟಿಂಗ್ ಹೋಗುವುದು.

ಹಂತ 6: ಬೋರ್ಡಿನಲ್ಲಿ ಕಾಣದ ಉದ್ದವನ್ನೂ ಕೂಡಿಸಿ

ದೊಡ್ಡ ಬಿಜಿಎ ಚಿಪ್‌ನ (ಅಡಿಯಲ್ಲಿ ಪಿನ್ ಬದಲು ಬೆಸುಗೆ ಗುಂಡುಗಳಿರುವ ಚಿಪ್) ಒಳಗೆ ಸಿಲಿಕಾನಿನಿಂದ ಆ ಗುಂಡಿನವರೆಗೆ ಇನ್ನೊಂದು ಪುಟ್ಟ ಬೋರ್ಡೇ ಇರುತ್ತದೆ. ನಡುವಿನ ಪಿನ್‌ಗೂ ಅಂಚಿನ ಪಿನ್‌ಗೂ ಅಲ್ಲಿ ಹತ್ತಾರು ಪಿಎಸ್ ವ್ಯತ್ಯಾಸ ಬರಬಹುದು. 10 ಪಿಎಸ್ ಬಜೆಟ್ ಹಾಕಿಕೊಂಡು ಇದನ್ನು ಬಿಟ್ಟರೆ ಲೆಕ್ಕವೇ ಸುಳ್ಳು. ಎಫ್‌ಪಿಜಿಎ ಆದರೆ ಕಂಪನಿಯ ತಂತ್ರಾಂಶದಿಂದ ಪಿನ್‌ವಾರು ಪ್ಯಾಕೇಜ್ ಡಿಲೇ ತೆಗೆಯಬಹುದು, ವಿವಾಡೋ ಅದನ್ನು ಸಿಎಸ್‌ವಿ ಕಡತವಾಗಿ ಕೊಡುತ್ತದೆ. ಪ್ರೊಸೆಸರ್ ಆದರೆ ಹಾರ್ಡ್‌ವೇರ್ ಗೈಡ್‌ನಲ್ಲಿ ಹುಡುಕಿ. ಚಿಪ್ಪಿನೊಳಗೇ ಸಮ ಮಾಡಿದ್ದೇವೆ, ನೀವು ಸೇರಿಸಬೇಡಿ ಎಂದು ಬರೆದಿದ್ದರೆ ಸೇರಿಸಬೇಡಿ. ಕೈಕ್ಯಾಡ್‌ನಲ್ಲಿ ಪ್ಯಾಡ್ ಗುಣಲಕ್ಷಣದ ಕಿಟಕಿಯಲ್ಲಿ ಪ್ಯಾಡಿನಿಂದ ಡೈ (ಒಳಗಿನ ಸಿಲಿಕಾನ್) ವರೆಗಿನ ಉದ್ದ ಹಾಕಲು ಜಾಗ ಇದೆ. ಪಿಎಸ್‌ನಲ್ಲಿ ಸಿಕ್ಕ ಡಿಲೇಯನ್ನು ನಿಮ್ಮ ಪದರದ 6 ಅಥವಾ 7ರಿಂದ ಭಾಗಿಸಿ ಮಿಮೀ ಮಾಡಿ ತುಂಬಿ.

ವಯಾ, ಅಂದರೆ ಪದರದಿಂದ ಪದರಕ್ಕೆ ಇಳಿಯುವ ರಂಧ್ರ, ಅದಕ್ಕೂ ಉದ್ದ ಇದೆ. 1.6 ಮಿಮೀ ಬೋರ್ಡನ್ನು ಮೇಲಿನಿಂದ ಕೆಳಕ್ಕೆ ದಾಟಿದರೆ ಸುಮಾರು 11 ಪಿಎಸ್, ಡಿಡಿಆರ್3ರ ಇಡೀ ಬಜೆಟ್ಟೇ ಹೋಯಿತು. ಒಂದು ಗುಂಪಿನ ಪ್ರತಿ ಟ್ರೇಸಿಗೂ ಅಷ್ಟೇ ಸಂಖ್ಯೆಯ, ಅದೇ ಪದರಗಳ ನಡುವಿನ ವಯಾ ಇದ್ದರೆ ಈ ಗೋಜೇ ಇಲ್ಲ. ಕೈಕ್ಯಾಡ್‌ನ ಬೋರ್ಡ್ ಸೆಟಪ್‌ನಲ್ಲಿ ಸ್ಟ್ಯಾಕಪ್ ಎತ್ತರವನ್ನು ಟ್ರೇಸ್ ಉದ್ದಕ್ಕೆ ಸೇರಿಸುವ ಆಯ್ಕೆ ಚಾಲೂ ಇದೆಯೇ ನೋಡಿ. ಸ್ಟ್ಯಾಕಪ್ ತುಂಬದೆ ಅದನ್ನು ಚಾಲೂ ಮಾಡಿದರೆ ಯಾವುದೋ ಎತ್ತರ ಸೇರಿಕೊಳ್ಳುತ್ತದೆ.

ಸರಣಿ ರೆಸಿಸ್ಟರ್ ಇದ್ದರೆ ಅದರ ಆಚೀಚೆಯ ಎರಡು ನೆಟ್‌ಗಳನ್ನು (ಸಂಪರ್ಕಗಳನ್ನು) ಕೂಡಿಸಿಯೇ ಉದ್ದ ಅಳೆಯಿರಿ. ಎಷ್ಟೋ ತಂತ್ರಾಂಶಗಳು ಒಂದು ನೆಟ್ಟನ್ನಷ್ಟೇ ತೋರಿಸಿ ಸುಮ್ಮನಾಗುತ್ತವೆ.

ಹಂತ 7: ಮೊದಲು ರೂಟ್ ಮಾಡಿ, ತಿರುವು ಕೊನೆಗೆ

ಚಿಪ್‌ಗಳ ಜಾಗ ಗಟ್ಟಿ ಮಾಡಿ. ಗುಂಪನ್ನು ಪೂರ್ತಿ ರೂಟ್ ಮಾಡಿ, ಟ್ರೇಸ್‌ಗಳ ನಡುವೆ ಜಾಗ ಬಿಟ್ಟುಕೊಳ್ಳಿ. ಅತಿ ಉದ್ದದ್ದು ಯಾವುದೆಂದು ನೋಡಿ, ಅದನ್ನು ಇನ್ನೂ ಚಿಕ್ಕದು ಮಾಡಲು ಸಾಧ್ಯವೇ ಎಂದು ಒಂದು ಪ್ರಯತ್ನ ಪಡಿ. ಆಮೇಲೆ ಬಜೆಟ್‌ನಿಂದ ಹೊರಗಿರುವವಕ್ಕೆ ಮಾತ್ರ ಉದ್ದ ಸೇರಿಸಿ. ಕೈಕ್ಯಾಡ್‌ನಲ್ಲಿ ಒಂಟಿ ಟ್ರೇಸ್ ಉದ್ದ ಹೊಂದಿಸಲು 7, ಜೋಡಿಯ ಉದ್ದಕ್ಕೆ 8, ಜೋಡಿಯೊಳಗಿನ ವ್ಯತ್ಯಾಸಕ್ಕೆ 9ನೇ ಕೀಲಿ.

ತಿರುವು ಹಾಕುವಾಗ ಎರಡು ಕಾಲುಗಳ ನಡುವಿನ ಅಂತರ ಟ್ರೇಸ್ ಅಗಲದ ಮೂರು ಪಟ್ಟಿಗಿಂತ ಕಡಿಮೆ ಆಗದಿರಲಿ, ಗ್ರೌಂಡ್‌ವರೆಗಿನ ಎತ್ತರದ ನಾಲ್ಕು ಪಟ್ಟಾದರೆ ಇನ್ನೂ ಒಳ್ಳೆಯದು. ಹತ್ತಿರ ಹತ್ತಿರ ಇಟ್ಟರೆ ಸಿಗ್ನಲ್ಲಿನ ಒಂದು ಪಾಲು ತಾಮ್ರದ ದಾರಿ ಹಿಡಿಯದೆ ಕಾಲಿನಿಂದ ಪಕ್ಕದ ಕಾಲಿಗೆ ನೇರ ಹಾರುತ್ತದೆ. ತಂತ್ರಾಂಶ 50 ಮಿಮೀ ಎಂದು ತೋರಿಸುತ್ತಿರುತ್ತದೆ, ಸಿಗ್ನಲ್ ಅದಕ್ಕಿಂತ ಮುಂಚೆ ತಲುಪಿ ಎಡ್ಜ್ ಕೂಡ ವಕ್ರವಾಗಿರುತ್ತದೆ. ಉದ್ದುದ್ದ ಕಾಲಿನ ನಾಲ್ಕು ಸುತ್ತಿಗಿಂತ, ಕೆಲವೇ ಮಿಮೀ ಎತ್ತರದ ಗಿಡ್ಡ ತಿರುವುಗಳು ವಾಸಿ. ಮೂಲೆಗಳು 45 ಡಿಗ್ರಿ ಅಥವಾ ದುಂಡಗೆ ಇರಲಿ.

ಇದಕ್ಕಿಂತ ಮುಖ್ಯವಾದದ್ದು ಕೆಳಗಿನ ಗ್ರೌಂಡ್ ಪ್ಲೇನ್, ಅಂದರೆ ಗ್ರೌಂಡ್‌ಗೆ ಸೇರಿದ ಅಗಲವಾದ ತಾಮ್ರದ ಪದರ. ಹೋಗುವ ಸಿಗ್ನಲ್‌ಗೆ ಹಿಂದಿರುಗುವ ಕರೆಂಟ್ ಅದರ ನೇರ ಕೆಳಗೇ ಹರಿಯುತ್ತದೆ. ಪ್ಲೇನ್‌ನಲ್ಲಿ ಸೀಳು ಇದ್ದು ಟ್ರೇಸ್ ಅದನ್ನು ದಾಟಿದರೆ ಆ ಕರೆಂಟ್ ಸುತ್ತಿ ಬರಬೇಕು. ಅಲ್ಲಿ ಹುಟ್ಟುವ ಡಿಲೇ ಮತ್ತು ಗಲಾಟೆಯ ಮುಂದೆ ನಿಮ್ಮ 1 ಮಿಮೀ ಏನೂ ಅಲ್ಲ. ತಿರುವಿಗೆ ಜಾಗ ಸಿಗಲಿಲ್ಲವೆಂದು ಬೇರೆ ಪವರ್ ಪ್ಲೇನ್ ಮೇಲೆ ಎಳೆದುಕೊಂಡು ಹೋಗುವುದನ್ನು ಎಷ್ಟೋ ಬೋರ್ಡ್‌ಗಳಲ್ಲಿ ಕಾಣಬಹುದು. ಅಂಥ ಕಡೆ ಉದ್ದದ ವ್ಯತ್ಯಾಸವನ್ನು ಹಾಗೇ ಬಿಡುವುದೇ ಲೇಸು. ಟ್ರೇಸ್ ಒಂದು ಗ್ರೌಂಡ್ ಪದರದ ಆಸರೆ ಬಿಟ್ಟು ಇನ್ನೊಂದಕ್ಕೆ ಹೋಗುವಲ್ಲಿ ಸಿಗ್ನಲ್ ವಯಾದ ಪಕ್ಕದಲ್ಲೇ ಒಂದು ಗ್ರೌಂಡ್ ವಯಾ ಹಾಕಿ.

ಹಂತ 8: ಡಿಫರೆನ್ಷಿಯಲ್ ಜೋಡಿ

ಜೋಡಿಯ ಎರಡು ತಂತಿಗಳಲ್ಲಿ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಅದು ಒಟ್ಟೊಟ್ಟಿಗೆ ಆಗದಿದ್ದರೆ ಮಿಕ್ಕಿದ್ದು ರೇಡಿಯೋ ಗದ್ದಲವಾಗಿ ಹೊರಬೀಳುತ್ತದೆ, ಇಎಂಐ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಹೀಗೆ. 90 ಡಿಗ್ರಿ ತಿರುಗುವ ಕಡೆ ಹೊರಗಿನ ತಂತಿ ಉದ್ದ ಆಗುತ್ತದೆ. ಎರಡು ತಂತಿಗಳ ನಡುಗೆರೆಗಳ ಅಂತರ 0.35 ಮಿಮೀ ಇದ್ದರೆ, ಎರಡು 45 ಡಿಗ್ರಿ ಬಾಗುಗಳಲ್ಲಿ ಸೇರುವ ವ್ಯತ್ಯಾಸ ಸುಮಾರು 0.58 ಮಿಮೀ, ಅಂದರೆ 3.5 ಪಿಎಸ್. ಒಂದು ಬಿಟ್ಟಿಗೆ 2.08 ಎನ್‌ಎಸ್ ಇರುವ ಯುಎಸ್‌ಬಿ 2ಕ್ಕೆ ಇದು ಲೆಕ್ಕಕ್ಕಿಲ್ಲ. 125 ಪಿಎಸ್ ಇರುವ ಪಿಸಿಐ ಎಕ್ಸ್‌ಪ್ರೆಸ್ 3ನೇ ತಲೆಮಾರಿಗೆ ಇಂಥ ನಾಲ್ಕು ತಿರುವು ಒಂದೇ ಕಡೆಗೆ ಬಂದರೆ ಖಂಡಿತ ಲೆಕ್ಕ. ಎಡಕ್ಕೊಂದು ಬಲಕ್ಕೊಂದು ತಿರುವು ಬಂದರೆ ತಾನಾಗಿ ಸರಿಹೋಗುತ್ತದೆ. ಇಲ್ಲವಾದರೆ ವ್ಯತ್ಯಾಸ ಹುಟ್ಟಿದ ಜಾಗದಲ್ಲೇ ಚಿಕ್ಕ ಉಬ್ಬು ಕೊಟ್ಟು ಸರಿಮಾಡಿ, ಬೋರ್ಡಿನ ಇನ್ನೊಂದು ತುದಿಗೆ ಹೋಗಿ ಅಲ್ಲ.

ಎಚ್‌ಡಿಎಂಐ ಬಗ್ಗೆಯೂ ಇದೇ ಪ್ರಶ್ನೆ ಬರುತ್ತಿರುತ್ತದೆ. 1080ಪಿ 60 ಹರ್ಟ್ಸ್‌ನಲ್ಲಿ ಪ್ರತಿ ಲೇನ್‌ಗೆ 1.485 ಗಿಗಾಬಿಟ್. ಜೋಡಿ ಜೋಡಿಗಳ ನಡುವೆ ಕಳಿಸುವ ಕಡೆ ಒಪ್ಪಿಗೆ ಇರುವ ವ್ಯತ್ಯಾಸ ಹತ್ತು ಬಿಟ್‌ಗಳ ಒಂದು ಅಕ್ಷರದ ಐದನೇ ಒಂದು ಪಾಲು, ಅಂದರೆ ಸುಮಾರು 1.35 ಎನ್‌ಎಸ್. ಟ್ರೇಸಿನ ಲೆಕ್ಕದಲ್ಲಿ 220 ಮಿಮೀ. ನಾಲ್ಕು ಜೋಡಿಗಳನ್ನು ಒಂದಕ್ಕೊಂದು ಸಮ ಮಾಡಲು ಕೂರುವ ಬದಲು ಪ್ರತಿ ಜೋಡಿಯ 100 ಓಮ್ ಇಂಪೀಡನ್ಸ್ ಕನೆಕ್ಟರ್‌ವರೆಗೂ ಕೆಡದಂತೆ ನೋಡಿಕೊಳ್ಳಿ.

ಹಂತ 9: ಬೋರ್ಡ್ ಬಂದ ಮೇಲೆ ಪರೀಕ್ಷೆ

ಲಕ್ಷಣ ನೋಡಿಯೇ ಎಷ್ಟೋ ಗೊತ್ತಾಗುತ್ತದೆ. ಈಥರ್ನೆಟ್ 100 ಮೆಗಾಬಿಟ್‌ನಲ್ಲಿ ಸರಾಗ, ಗಿಗಾಬಿಟ್‌ನಲ್ಲಿ ಲಿಂಕ್ ಬಂದರೂ ಪಿಂಗ್ ಹೋಗುವುದಿಲ್ಲ ಅಥವಾ ಸಿಆರ್‌ಸಿ ದೋಷಗಳು (ಕೆಟ್ಟು ಬಂದ ಪ್ಯಾಕೆಟ್‌ಗಳು) ಏರುತ್ತಿವೆ ಎಂದರೆ ಮೊದಲ ಅನುಮಾನ ಡಿಲೇ ಸೆಟ್ಟಿಂಗ್ ಮೇಲೆ, ಟ್ರೇಸ್ ಮೇಲಲ್ಲ. 100 ಮೆಗಾಬಿಟ್‌ನಲ್ಲಿ ಕ್ಲಾಕ್ 25 ಮೆಗಾಹರ್ಟ್ಸ್, ಆವರ್ತ 40 ಎನ್‌ಎಸ್. ಅಲ್ಲಿ 2 ಎನ್‌ಎಸ್ ಹೆಚ್ಚುಕಡಿಮೆ ಆದರೂ ನಡೆದುಹೋಗುತ್ತದೆ. ಕಳಿಸುವುದು ಸರಿಯಿದ್ದು ಬರುವುದು ಮಾತ್ರ ಕೆಟ್ಟಿದ್ದರೆ ಒಂದೇ ದಿಕ್ಕಿನ ಡಿಲೇ ತಪ್ಪಿದೆ.

ಡಿಡಿಆರ್‌ನಲ್ಲಿ ಮೆಮೊರಿ ಟೆಸ್ಟ್ ಸದಾ ಒಂದೇ ಬಿಟ್‌ನಲ್ಲಿ ಸೋತರೆ ಆ ಟ್ರೇಸ್ ಅಥವಾ ಅದರ ಬೆಸುಗೆ ನೋಡಿ. ಇಡೀ ಬೈಟ್ ಸೋತರೆ ಸ್ಟ್ರೋಬ್ ಅಥವಾ ಆ ಲೇನಿನ ರೈಟ್ ಲೆವೆಲಿಂಗ್. ಎಲ್ಲ ಕಡೆ ಸೋಲುತ್ತಿದ್ದರೆ ಅಡ್ರೆಸ್, ಕ್ಲಾಕ್, ಇಲ್ಲವೇ ಪವರ್. ಕ್ಲಾಕನ್ನು 800ರಿಂದ 400 ಮೆಗಾಹರ್ಟ್ಸ್‌ಗೆ ಇಳಿಸಿ ನೋಡಿ. ಆಗ ಸರಿಯಾದರೆ ಟೈಮಿಂಗ್ ಅಂಚಿನ ಸಮಸ್ಯೆ, ಆಗಲೂ ಸೋತರೆ ಬಹುಮಟ್ಟಿಗೆ ಸಂಪರ್ಕದ ಸಮಸ್ಯೆ. ಕೋಣೆಯ ತಾಪಮಾನದಲ್ಲಿ ಒಂದು ರಾತ್ರಿ ಓಡಿತೆಂದು ಬಿಡದೆ ಬಿಸಿಯಲ್ಲೂ ತಂಪಿನಲ್ಲೂ ಓಡಿಸಿ.

ಆಸಿಲೋಸ್ಕೋಪ್‌ನಲ್ಲಿ ಅಳೆಯುವುದಾದರೆ ಪಡೆಯುವ ಚಿಪ್‌ನ ಪಿನ್ ಹತ್ತಿರ ಅಳೆಯಿರಿ. ಟ್ರೇಸಿನ ನಡುವೆ ಪ್ರೋಬ್ ಇಟ್ಟರೆ ಪ್ರತಿಫಲನದಿಂದ ಎಡ್ಜ್‌ನಲ್ಲಿ ಮೆಟ್ಟಿಲು ಕಾಣುತ್ತದೆ, ಅದನ್ನೇ ದೋಷ ಎಂದುಕೊಳ್ಳುವವರಿದ್ದಾರೆ. 0.35ನ್ನು ರೈಸ್ ಟೈಮಿನಿಂದ ಭಾಗಿಸಿದರೆ ಸಿಗ್ನಲ್‌ನ ಬ್ಯಾಂಡ್‌ವಿಡ್ತ್. 300 ಪಿಎಸ್ ಎಡ್ಜ್‌ಗೆ ಸುಮಾರು 1.2 ಗಿಗಾಹರ್ಟ್ಸ್, 200 ಮೆಗಾಹರ್ಟ್ಸ್ ಸ್ಕೋಪ್‌ನಲ್ಲಿ ಅದು ಕಾಣಿಸುವುದೇ ಇಲ್ಲ. ಎರಡು ಪ್ರೋಬ್ ಬಳಸುವ ಮುಂಚೆ ಎರಡನ್ನೂ ಒಂದೇ ಬಿಂದುವಿಗೆ ಮುಟ್ಟಿಸಿ ಡಿಸ್ಕ್ಯೂ ಮಾಡಿ, ಅಂದರೆ ಅವುಗಳ ನಡುವಿನ ಸಮಯದ ವ್ಯತ್ಯಾಸವನ್ನು ಕಳೆದುಬಿಡಿ. ಕೇಬಲ್ ಉದ್ದದ ವ್ಯತ್ಯಾಸವೇ ನೂರಾರು ಪಿಎಸ್ ತೋರಿಸಿಬಿಡಬಹುದು.

ಪ್ರತಿ ಗುಂಪಿನ ಮಿತಿಯನ್ನು ಪಿಎಸ್‌ನಲ್ಲೇ ಬರೆದು, ಯಾವ ಸ್ಟ್ಯಾಕಪ್‌ಗೆ ಮಿಮೀಗೆ ಎಷ್ಟು ಪಿಎಸ್ ಹಿಡಿದಿದ್ದೀರಿ ಎಂಬುದರೊಂದಿಗೆ ಸ್ಕೀಮ್ಯಾಟಿಕ್‌ನ ಒಂದು ಮೂಲೆಯಲ್ಲಿ ಇಡಿ. ಮುಂದಿನ ರಿವಿಷನ್‌ನಲ್ಲಿ ಯಾರಾದರೂ ನಾಲ್ಕು ಪದರವನ್ನು ಆರು ಮಾಡಿ ಬೈಟ್ ಲೇನನ್ನು ಒಳಪದರಕ್ಕೆ ಇಳಿಸಿದಾಗ ಹಳೆಯ ಮಿಮೀ ಅಂಕಿಗಳು ಕೆಲಸಕ್ಕೆ ಬಾರವು, ಪಿಎಸ್ ಅಂಕಿಗಳು ಹಾಗೇ ಉಳಿಯುತ್ತವೆ.